ಏರಿನಲ್ಲಿ ಒಂದು ಕಿಲೋ

ತರೀಕೆರೆ ಸೀಮೆಯ ಲಿಂಗದಹಳ್ಳಿ ದಾಟಿ ಕಲ್ಲತ್ತಿಗಿರಿಯ ಕಡೆ ರಸ್ತೆ ಏರತೊಡಗುವಲ್ಲಿ ಭಾನುವಾರ ಬೆಳಗಿನ ಹೊತ್ತು ಒಮ್ಮೊಮ್ಮೆ ಹೊಸ ಬಗೆಯ ಸೈಕಲ್ಲುಗಳು ಕಾಣುತ್ತವೆ. ಬಾಗಿದ ಹ್ಯಾಂಡಲ್, ಎರಡು ಬೆರಳಗಲದ ಟೈರು. ಸ್ಟ್ಯಾಂಡಿಲ್ಲ, ಮಡ್‌ಗಾರ್ಡಿಲ್ಲ, ಕ್ಯಾರಿಯರ್ ಅಂತೂ ಇಲ್ಲವೇ ಇಲ್ಲ. ಡೇರಿಗೆ ಹಾಲು ಹಾಕಿ ಮರಳುವವರು ನಿಂತು ನೋಡುತ್ತಾರೆ. ಎರಡು ಪ್ರಶ್ನೆ ಬಂದೇ ಬರುತ್ತವೆ: ಎಷ್ಟು ತೂಕ? ಎಷ್ಟು ದುಡ್ಡು?

ಉತ್ತರ ಕೇಳಿದವರು ಬೆರಗಾಗುವುದು ಸಹಜ. ಅಲ್ಯೂಮಿನಿಯಂ ಫ್ರೇಮಿನ ಸಾಧಾರಣ ರೋಡ್ ಬೈಕ್ 10 ಕಿಲೋ ಆಸುಪಾಸು ತೂಗುತ್ತದೆ, ಬೆಲೆ ಹತ್ತಾರು ಸಾವಿರ. ಕಾರ್ಬನ್ ಫೈಬರಿನದಾದರೆ 7-8 ಕಿಲೋ, ಬೆಲೆ ಲಕ್ಷಗಳಲ್ಲಿ. ಅತ್ಯುತ್ತಮವಾದದ್ದು ಬೇಕೆಂದರೆ 10 ಲಕ್ಷವೂ ಸಾಲದು. ಪಂದ್ಯದ ಸೈಕಲ್ 6.8 ಕಿಲೋಗಿಂತ ಹಗುರ ಇರಕೂಡದೆಂದು ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ 2000ನೇ ಇಸವಿಯಲ್ಲಿ ನಿಯಮ ಮಾಡಿದೆ. ತಯಾರಕರು ಅದಕ್ಕಿಂತಲೂ ಹಗುರ ಮಾಡಬಲ್ಲರು, ಆದ್ದರಿಂದಲೇ ತಡೆ ಬೇಕಾಯಿತು.

ಇದೇ ಸೀಮೆಯಲ್ಲಿ ನಮ್ಮ ಹಿರಿಯರು ತುಳಿದ ಅಟ್ಲಾಸ್, ಹೀರೋ, ಹರ್ಕ್ಯುಲಸ್‌ಗಳ ತೂಕ 20 ಕಿಲೋ ಆಸುಪಾಸು. ಅದನ್ನು ಹಿಂದಿನವರ ತಿಳಿಗೇಡಿತನ ಎಂದುಕೊಂಡರೆ ಅನ್ಯಾಯ. ಕಡೂರಿನ ಸಂತೆಗೆ ತೆಂಗಿನಕಾಯಿ ಮೂಟೆ, ಅಜ್ಜಂಪುರದ ಹೊಲದಿಂದ ಈರುಳ್ಳಿ ಚೀಲ, ತರೀಕೆರೆಯ ಅಡಿಕೆ ತೋಟಕ್ಕೆ ಗೊಬ್ಬರ, ಮುಂದಿನ ಬಾರ್ ಮೇಲೆ ಮಗು, ಹಿಂದೆ ಮಗುವಿನ ತಾಯಿ. ಇಷ್ಟನ್ನೂ ಹೊತ್ತು ಮಣ್ಣುರಸ್ತೆಯ ಗುಂಡಿ ಹಾಯಬೇಕಾದ ಸೈಕಲ್ಲಿಗೆ ಉಕ್ಕು ದಪ್ಪವೇ ಇರಬೇಕು. ಕೆಲವರು ಡಬಲ್ ಬಾರ್ ಇದ್ದದ್ದನ್ನೇ ಕೇಳಿ ತರುತ್ತಿದ್ದರು. ಫ್ರೇಮ್ ಬಿರುಕು ಬಿಟ್ಟರೆ ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಬೆಸೆಸಿಕೊಂಡು ಮಧ್ಯಾಹ್ನಕ್ಕೆಲ್ಲ ಮತ್ತೆ ಹೊರಡಬಹುದಿತ್ತು. ಕಾರ್ಬನ್ ಹಾಗಲ್ಲ. ಅದು ಕೂದಲಿಗಿಂತ ಸಪೂರದ ಎಳೆಗಳನ್ನು ಅಂಟಿನಲ್ಲಿ ಅದ್ದಿ, ಪದರ ಪದರವಾಗಿ ಹಾಸಿ, ಕಾಯಿಸಿ ಗಟ್ಟಿ ಮಾಡಿದ ವಸ್ತು. ಜೋರಾಗಿ ಬಿದ್ದರೆ ಬಿರುಕು ಒಳಪದರದಲ್ಲಿ ಅಡಗಿರಬಹುದು, ಹೊರಗೆ ಬಣ್ಣ ಕೂಡ ಕಿತ್ತಿರುವುದಿಲ್ಲ. ಬಲ್ಲವರು ನಾಣ್ಯದಿಂದ ಕೊಳವೆಯುದ್ದಕ್ಕೂ ಮೆಲ್ಲಗೆ ತಟ್ಟುತ್ತಾ ಕಿವಿಗೊಡುತ್ತಾರೆ. ಟಣ್ ಎನ್ನುತ್ತಿದ್ದ ಸದ್ದು ಒಂದೆಡೆ ಮಂಕಾದರೆ ಅಲ್ಲಿ ಅನುಮಾನ. ಬೆಲೆ ಎಂದರೆ ಕೊಳ್ಳುವ ದಿನ ಕೊಡುವುದಷ್ಟೇ ಅಲ್ಲ, ಈ ಆತಂಕವನ್ನೂ ಅದಕ್ಕೆ ಸೇರಿಸಿಕೊಳ್ಳಬೇಕು.

ಇನ್ನು ಹಗುರದಿಂದ ಸಿಗುವ ಲಾಭ. ತರೀಕೆರೆಯ ಬಯಲಿನಿಂದ 1434 ಮೀಟರ್ ಎತ್ತರದ ಕೆಮ್ಮಣ್ಣುಗುಂಡಿಗೆ ಹೋಗುವುದೆಂದರೆ ಸುಮಾರು 700 ಮೀಟರ್ ಮೇಲೇರುವುದು. 60 ಕಿಲೋ ತೂಗುವ ಸವಾರ 20 ಕಿಲೋದ ಸೈಕಲ್ ಬಿಟ್ಟು 8 ಕಿಲೋದ್ದನ್ನು ಹತ್ತಿದರೆ, ಎತ್ತಬೇಕಾದ ಒಟ್ಟು ಭಾರದಲ್ಲಿ ನೂರಕ್ಕೆ 15 ಪಾಲು ಇಳಿಯುತ್ತದೆ. ಅದು ನಿಜವಾದ ಬಿಡುಗಡೆ, ತೊಡೆಗಳೇ ಹೇಳುತ್ತವೆ. ಆದರೆ 8ರಿಂದ 7 ಕಿಲೋಗೆ ಇಳಿಸಲು ಲಕ್ಷಗಟ್ಟಲೆ ಸುರಿದರೆ? ಒಂದೂವರೆ ಗಂಟೆಯ ಏರಿನಲ್ಲಿ ಉಳಿಯುವುದು ಒಂದು ನಿಮಿಷ, ಹೆಚ್ಚೆಂದರೆ ಒಂದೂವರೆ. ಆ ಒಂದು ಕಿಲೋವನ್ನು ಮೇಲೊಯ್ಯಲು ಮೈ ಖರ್ಚು ಮಾಡುವ ಶಕ್ತಿ ಬಾಳೆಹಣ್ಣಿನ ಒಂದು ತುತ್ತಿನಷ್ಟು. ಕಡೂರು-ಬೀರೂರು ಕಡೆಯ ಬಯಲಿನಲ್ಲಿ ಆಷಾಢದ ಗಾಳಿ ಎದುರಾದಾಗಲಂತೂ ತೂಕದ ಮಾತೇ ಬೇರೆ. ಸಮತಟ್ಟಿನಲ್ಲಿ ವೇಗವಾಗಿ ತುಳಿಯುವವನ ಶಕ್ತಿಯ ಬಹುಪಾಲನ್ನು ಗಾಳಿಯೇ ನುಂಗುತ್ತದೆ. ಅಲ್ಲಿ ಕಿಲೋಗಿಂತ ಬೆನ್ನು ಬಗ್ಗಿಸುವುದೇ ಹೆಚ್ಚು ಉಪಕಾರಿ.

2006-07ರಲ್ಲಿ ರಾಜ್ಯ ಸರ್ಕಾರ 8ನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಆರಂಭಿಸಿತು. ಆಗ ಅದರ ತೂಕವನ್ನು ಯಾರು ಕೇಳಿದ್ದರು? ದಿನಾ ಹೈಸ್ಕೂಲಿಗೆ ನಡೆದೇ ಹೋಗಬೇಕಾಗಿದ್ದ ಹುಡುಗಿಗೆ ಆ ಉಕ್ಕಿನ ಸೈಕಲ್ ಹಗುರವೇ ಆಗಿತ್ತು. ನಮ್ಮ ಹಳ್ಳಿಗಾಡಿನಲ್ಲಿ ಸೈಕಲ್ಲಿನ ಬೆಲೆಯನ್ನು ನಾನು ಮೊದಲು ಅಳೆಯುವುದು ಅವಳ ಲೆಕ್ಕದಲ್ಲಿ.

ಹಾಗೆಂದು ಆ ಕೊನೆಯ ಒಂದು ಕಿಲೋ ಯಾರಿಗೂ ಬೇಡವೆಂದಲ್ಲ. ವಿಜಯಪುರ, ಬಾಗಲಕೋಟೆ ಕಡೆಯ ರೈತರ ಮನೆಗಳಿಂದ ಬಂದ ಮಕ್ಕಳು ಸೈಕ್ಲಿಂಗ್‌ನಲ್ಲಿ ರಾಜ್ಯಕ್ಕೆ ಪದಕಗಳನ್ನು ತಂದಿದ್ದಾರೆ. ಪಂದ್ಯದಲ್ಲಿ ಪದಕಕ್ಕೂ ಬರಿಗೈಗೂ ನಡುವೆ ಇರುವುದು ಎಷ್ಟೋ ಸಲ ಕೆಲವೇ ಸೆಕೆಂಡು. ನಮಗೆ ಬಾಳೆಹಣ್ಣಿನ ತುತ್ತಾಗಿರುವುದು ಅವರಿಗೆ ಪಟ್ಟ ಪರಿಶ್ರಮದ ಫಲ. ಕಷ್ಟವೆಂದರೆ, ಆ ಸೈಕಲ್ ನಿಜವಾಗಿ ಬೇಕಾದ ಮನೆಗೇ ಅದರ ಬೆಲೆ ಎಟುಕದು. ಹವ್ಯಾಸಕ್ಕೆ ತುಳಿಯುವ ನಮಗೆ 10 ಕಿಲೋದ್ದು ಧಾರಾಳವಾಗಿ ಸಾಕು. ಸರ್ಕಾರವಾಗಲಿ ಉಳ್ಳವರಾಗಲಿ ಲಕ್ಷ ಸುರಿಯುವುದಿದ್ದರೆ ಆ ಮಕ್ಕಳಿಗಾಗಿ ಸುರಿಯಲಿ. ನಾಳೆ ಅಜ್ಜಂಪುರದ ಈರುಳ್ಳಿ ಹೊಲದ ಅಂಚಿನಿಂದ ಅಂಥ ಒಬ್ಬಳು ಹೊರಟಳೆಂದರೆ, ಅವಳಿಗೊಂದು ಸೈಕಲ್ ಕೊಡಿಸಲು ಅಪ್ಪ ಹೊಲ ಅಡವಿಡುವಂತಾಗಬಾರದು.