ಸದ್ದಿನ ಸಾಲ

ಒಂದು ಕಲೆ ಹುಟ್ಟಿದ ಊರನ್ನು ಬಿಟ್ಟು ಬೇರೊಂದು ಊರಿಗೆ ಹೋದಾಗ ಅದು ಯಾರದಾಗುತ್ತದೆ? ಹೆತ್ತವರದೋ, ಸಾಕಿದವರದೋ? ಅದರ ರೂಪ ಬದಲಾದರೆ ಬೆಳವಣಿಗೆ ಎನ್ನಬೇಕೋ, ದ್ರೋಹ ಎನ್ನಬೇಕೋ? ಪ್ರಶ್ನೆ ಹಳೆಯದು. ಈ ಶತಮಾನದಲ್ಲಿ ಅದು ಕಿವಿಗಡಚಿಕ್ಕುವಷ್ಟು ಜೋರಾಗಿ ಕೇಳಿಬಂದದ್ದು ಡಬ್‌ಸ್ಟೆಪ್ ಎಂಬ ಸಂಗೀತದ ಸುತ್ತ. ಲಂಡನ್ನಿನಲ್ಲಿ ಹುಟ್ಟಿದ್ದನ್ನು ಅಮೆರಿಕನ್ನರು ಕೆಡಿಸಿದರು ಎಂದು ಒಂದು ಪಕ್ಷ ಹೇಳುತ್ತದೆ. ಮೂಲೆಯಲ್ಲಿದ್ದುದನ್ನು ಅಮೆರಿಕನ್ನರು ಜಗತ್ತಿಗೆ ಮುಟ್ಟಿಸಿದರು ಎಂದು ಇನ್ನೊಂದು ಪಕ್ಷ. ಎರಡೂ ಒಡೆತನದ ಭಾಷೆಯಲ್ಲೇ ಮಾತಾಡುತ್ತವೆ. ಒಡೆತನದ ಮಾತನ್ನು ಬದಿಗಿಟ್ಟು ಋಣದ ಮಾತನ್ನು ಎತ್ತಿಕೊಂಡರೆ ಈ ಜಗಳ ಬೇರೆಯಾಗಿಯೇ ಕಾಣಿಸುತ್ತದೆ ಎಂದು ನಾವು ನಂಬುತ್ತೇವೆ.

ಮೊದಲು ಈ ಸಂಗೀತದ ಪರಿಚಯ. ಲಂಡನ್ ಮಹಾನಗರದ ದಕ್ಷಿಣದಲ್ಲಿ ಕ್ರೊಯ್ಡನ್ ಎಂಬ ಪ್ರದೇಶವಿದೆ. ಅಲ್ಲಿನ ಸರ್ರೆ ಸ್ಟ್ರೀಟ್ ಸಂತೆಬೀದಿಯಲ್ಲಿ ಬಿಗ್ ಆ್ಯಪಲ್ ಎಂಬ ಗ್ರಾಮಫೋನ್ ತಟ್ಟೆಗಳ ಅಂಗಡಿಯಿತ್ತು. 2000ದ ಆಚೀಚೆ ಹ್ಯಾಚಾ ಎಂಬ ಡಿಜೆ ಅಲ್ಲಿ ಕೆಲಸಕ್ಕಿದ್ದ. ಸ್ಕ್ರೀಮ್, ಬೆಂಗಾ ಎಂಬ ಹೆಸರುಗಳಿಂದ ಮುಂದೆ ಪ್ರಸಿದ್ಧರಾದ ಇಬ್ಬರು ಹುಡುಗರು ಮನೆಯಲ್ಲೇ ಸಂಗೀತ ಕಟ್ಟಿ ಅಂಗಡಿಗೆ ತರುತ್ತಿದ್ದರು. ಇಬ್ಬರೂ ಇನ್ನೂ ಹದಿಹರೆಯದವರು. ನಿಮಿಷಕ್ಕೆ 140 ಬಡಿತಗಳ ವೇಗ. ಆದರೆ ಮುಖ್ಯ ಪೆಟ್ಟು ಅಷ್ಟು ಬೇಗ ಬೀಳುವುದಿಲ್ಲ, ಆದ್ದರಿಂದ ಕೇಳುವವನಿಗೆ ಅದು ಅರ್ಧ ವೇಗದ್ದೆನಿಸುತ್ತದೆ. ಎರಡು ಪೆಟ್ಟುಗಳ ನಡುವೆ ದೊಡ್ಡ ಬಯಲು. ಆ ಬಯಲಿನ ತಳದಲ್ಲಿ, ಕಿವಿಗಿಂತ ಹೆಚ್ಚಾಗಿ ಎದೆಗೂಡಿಗೆ ತಾಗುವ ಅತಿ ತಗ್ಗಿನ ನಾದ. ಇದನ್ನೇ ಬೇಸ್ ಎನ್ನುತ್ತಾರೆ. ಹಾಡು ಕಡಿಮೆ, ಮಾತು ಇನ್ನೂ ಕಡಿಮೆ.

ಈ ನಾದಕ್ಕೆ ತಕ್ಕ ಕೋಣೆ ಬೇಕಿತ್ತು. 2001ರಲ್ಲಿ ಸೋಹೊದಲ್ಲಿ ಆರಂಭವಾಗಿ ನಂತರ ಶೋರ್ಡಿಚ್‌ನ ಪ್ಲಾಸ್ಟಿಕ್ ಪೀಪಲ್ ಎಂಬ ಪುಟ್ಟ ಕ್ಲಬ್ಬಿಗೆ ಬಂದ 'ಫಾರ್ವರ್ಡ್' ಕೂಟ ಅಂಥ ಒಂದು ಕೋಣೆ. ಇನ್ನೂರರಷ್ಟು ಜನ ಹಿಡಿಸುವ ನೆಲಮಾಳಿಗೆ, ಹೆಚ್ಚುಕಡಿಮೆ ಕತ್ತಲೆ, ಅತ್ಯುತ್ತಮ ಧ್ವನಿಪೆಟ್ಟಿಗೆಗಳು. 2005ರಲ್ಲಿ ಮಾಲಾ, ಕೋಕಿ, ಲೋಫಾ ಎಂಬವರು ಬ್ರಿಕ್ಸ್‌ಟನ್‌ನ ಒಂದು ಚರ್ಚ್ ಕಟ್ಟಡದೊಳಗಿದ್ದ ಕ್ಲಬ್ಬಿನಲ್ಲಿ ಡಿಎಂಝಡ್ ಎಂಬ ಕೂಟ ಶುರುಮಾಡಿದರು. ಬೇಸ್‌ನ ಭಾರದಲ್ಲಿ ಧ್ಯಾನಿಸಲು ಬನ್ನಿ ಎಂಬ ಅರ್ಥದ ಕರೆ ಅವರದು. ಹೊಸ ಕೃತಿಗಳು ಕೂಡಲೇ ಮಾರುಕಟ್ಟೆಗೆ ಬರುತ್ತಿರಲಿಲ್ಲ. ಡಬ್‌ಪ್ಲೇಟ್ ಎಂಬ, ಕೆಲವು ಹತ್ತು ಸಲ ನುಡಿಸಿದರೆ ಸವೆದುಹೋಗುವ ಮೆತ್ತನೆಯ ತಟ್ಟೆಯಲ್ಲಿ ಅವನ್ನು ಕೊರೆಸಿ ಒಬ್ಬಿಬ್ಬರು ಡಿಜೆಗಳು ಮಾತ್ರ ನುಡಿಸುತ್ತಿದ್ದರು. ಕೇಳಬೇಕೆಂದರೆ ಅಲ್ಲಿಗೇ ಹೋಗಬೇಕು, ಇಲ್ಲವೇ ರಿನ್ಸ್ ಎಫ್ಎಂನಂಥ ಪರವಾನಗಿಯಿಲ್ಲದ ಬಾನುಲಿಗೆ ಕಿವಿಗೊಡಬೇಕು. 1994ರಿಂದ ಕದ್ದುಮುಚ್ಚಿ ನಡೆಯುತ್ತಿದ್ದ ಆ ನಿಲಯಕ್ಕೆ ಪರವಾನಗಿ ಸಿಕ್ಕಿದ್ದು 2010ರಲ್ಲಿ.

ಹಾಗಾದರೆ ಇದು ಲಂಡನ್ನಿನದೇ ಸೊತ್ತಲ್ಲವೇ? ಇಲ್ಲಿ ಸ್ವಲ್ಪ ನಿಲ್ಲಬೇಕು. ಹೆಸರಿನ ಮೊದಲರ್ಧವಾದ 'ಡಬ್' ಜಮೈಕಾದ್ದು. 1970ರ ಆಸುಪಾಸಿನಲ್ಲಿ ಕಿಂಗ್‌ಸ್ಟನ್‌ನಲ್ಲಿ ರೇಡಿಯೊ, ಆ್ಯಂಪ್ಲಿಫೈಯರ್ ರಿಪೇರಿ ಮಾಡುತ್ತಿದ್ದ ಕಿಂಗ್ ಟಬ್ಬಿ ಎಂಬಾತ ಧ್ವನಿಮುದ್ರಿಕೆಗಳಿಂದ ಹಾಡುಗಾರನ ಕಂಠವನ್ನು ತೆಗೆದು, ಬೇಸ್ ಮತ್ತು ಡ್ರಮ್ಮನ್ನು ಮುಂದೆ ತಂದು, ಪ್ರತಿಧ್ವನಿ ಬೆರೆಸಿ ಹೊಸದೊಂದು ಕಲೆಯನ್ನೇ ಕಟ್ಟಿದ. 1948ರಲ್ಲಿ ವಿಂಡ್‌ರಶ್ ಹಡಗು ಬಂದ ಮೇಲೆ ಕೆರಿಬಿಯನ್ನಿನಿಂದ ಬ್ರಿಟನ್ನಿಗೆ ವಲಸೆ ಬಂದವರು ತಮ್ಮೊಂದಿಗೆ ಸೌಂಡ್ ಸಿಸ್ಟಂ ಸಂಸ್ಕೃತಿಯನ್ನೂ ತಂದರು. ಬಿಳಿಯರ ಮನರಂಜನಾ ಸ್ಥಳಗಳಲ್ಲಿ ಬಾಗಿಲು ಮುಚ್ಚಿದಾಗ ಅವರು ಮನೆಯ ನೆಲಮಾಳಿಗೆಗಳಲ್ಲಿ ಆಳೆತ್ತರದ ಧ್ವನಿಪೆಟ್ಟಿಗೆಗಳನ್ನು ಪೇರಿಸಿ ಕೂಡುತ್ತಿದ್ದರು. 2023ರಲ್ಲಿ ತೀರಿಕೊಂಡ ಜಾ ಶಾಕಾ ದಶಕಗಳ ಕಾಲ ಲಂಡನ್ನಿನಲ್ಲಿ ಅಂಥ ಸೌಂಡ್ ಸಿಸ್ಟಂ ನಡೆಸಿದವರು. ಡಿಎಂಝಡ್‌ನ ನಾದದ ಹಿಂದೆ ಈ ಪರಂಪರೆಯಿದೆ.

ಇನ್ನೊಂದು ಬೇರು ಎಲ್ಲಿದೆ ಗೊತ್ತೇ? ಅಮೆರಿಕದಲ್ಲಿ! ಡಬ್‌ಸ್ಟೆಪ್ ಹೊರಟದ್ದು 'ಯುಕೆ ಗ್ಯಾರೇಜ್' ಎಂಬ ಸಂಗೀತದಿಂದ. ಲಂಡನ್ನಿನ ಡಿಜೆಗಳು 1990ರ ದಶಕದಲ್ಲಿ ನ್ಯೂಯಾರ್ಕ್, ನ್ಯೂಜೆರ್ಸಿಗಳ ಗ್ಯಾರೇಜ್ ತಟ್ಟೆಗಳನ್ನು ವೇಗ ಹೆಚ್ಚಿಸಿ ನುಡಿಸುತ್ತಿದ್ದರು. ಅದರಿಂದ ಯುಕೆ ಗ್ಯಾರೇಜ್ ಬೆಳೆಯಿತು. 'ಗ್ಯಾರೇಜ್' ಎಂಬ ಹೆಸರೇ ನ್ಯೂಯಾರ್ಕಿನ ಪ್ಯಾರಡೈಸ್ ಗ್ಯಾರೇಜ್ ಕ್ಲಬ್ಬಿನಿಂದ ಬಂದದ್ದು. ಷಿಕಾಗೊ, ನ್ಯೂಯಾರ್ಕ್‌ಗಳ ಕಪ್ಪು ಮತ್ತು ಲ್ಯಾಟಿನೊ ಯುವಜನರ ಬೆವರು ಅದರಲ್ಲಿದೆ. 'ಡಬ್‌ಸ್ಟೆಪ್' ಎಂಬ ಪದ ಹರಡುವುದಕ್ಕೂ 2002ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದ ಒಂದು ಸಂಗೀತ ಪತ್ರಿಕೆಯ ಮುಖಪುಟ ಲೇಖನ ನೆರವಾಯಿತು. ಹೀಗಿರುವಾಗ ಯಾರು ಯಾರಿಂದ ಕದ್ದರು? ಕಿಂಗ್‌ಸ್ಟನ್ ಕೊಟ್ಟಿತು, ನ್ಯೂಯಾರ್ಕ್ ಕೊಟ್ಟಿತು, ಕ್ರೊಯ್ಡನ್ ಪಡೆದು ತನ್ನದನ್ನು ಸೇರಿಸಿತು. ಈ ಸರಪಳಿಯಲ್ಲಿ ಒಡೆಯರಿಲ್ಲ, ಇರುವವರೆಲ್ಲ ಸಾಲಗಾರರು.

ಅಟ್ಲಾಂಟಿಕ್ ದಾಟಿದ ಡಬ್‌ಸ್ಟೆಪ್ ಮೊದಲು ಬಹಳ ವಿನಯದಿಂದಲೇ ನೆಲೆಯೂರಿತು. 2005ರಲ್ಲಿ ನ್ಯೂಯಾರ್ಕಿನಲ್ಲಿ ಡಬ್ ವಾರ್ ಎಂಬ ಕೂಟ ಆರಂಭವಾಯಿತು. ಅದರ ಮುಂಚೂಣಿಯಲ್ಲಿದ್ದ ಬಾಲ್ಟಿಮೋರ್‌ನ ಜೋ ನೈಸ್, ಲಂಡನ್ನಿನವರಿಗಿಂತ ಒಂದು ಕೂದಲೆಳೆಯಷ್ಟೂ ಕಡಿಮೆಯಿಲ್ಲದ ಶ್ರದ್ಧೆಯಿಂದ ಡಬ್‌ಪ್ಲೇಟ್‌ಗಳನ್ನು ನುಡಿಸುತ್ತಿದ್ದರು. 'ಅಮೆರಿಕನ್ ಡಬ್‌ಸ್ಟೆಪ್' ಎಂದು ಮೂಗುಮುರಿಯುವವರು ಇದನ್ನು ಮರೆತುಬಿಡುತ್ತಾರೆ.

ದೊಡ್ಡ ತಿರುವು ಬಂದದ್ದು 2010ರಲ್ಲಿ. ರಾಕ್ ತಂಡವೊಂದರಲ್ಲಿ ಹಾಡುಗಾರನಾಗಿದ್ದ ಲಾಸ್ ಏಂಜಲೀಸ್‌ನ ಯುವಕ ಸ್ಕ್ರಿಲ್ಲೆಕ್ಸ್ ಎಂಬ ಹೆಸರಿನಲ್ಲಿ ಬೇರೆಯೇ ಬಗೆಯ ಡಬ್‌ಸ್ಟೆಪ್ ತಂದ. 2012ರ ಫೆಬ್ರವರಿಯಲ್ಲಿ ಅವನಿಗೆ ಮೂರು ಗ್ರ್ಯಾಮಿ ಪ್ರಶಸ್ತಿಗಳು ಬಂದವು. ಇಲ್ಲಿ ಬೇಸ್ ತಳದಿಂದ ಮೇಲೆದ್ದು ಮಧ್ಯಮ ಸ್ವರಗಳಿಗೆ ಬಂದಿದೆ. ಗರಗಸದಂತೆ ಕೊಯ್ಯುತ್ತದೆ, ಯಂತ್ರದಂತೆ ಗುಡುಗುತ್ತದೆ. ಒತ್ತಡವನ್ನು ಏರಿಸುತ್ತ ಹೋಗಿ ಒಮ್ಮೆಗೇ ಸಿಡಿಸುವ 'ಡ್ರಾಪ್' ಎಂಬ ಗಳಿಗೆಗಾಗಿಯೇ ಇಡೀ ರಚನೆ ಕಾಯುತ್ತದೆ. ಎಲೆಕ್ಟ್ರಿಕ್ ಡೈಸಿ ಕಾರ್ನಿವಲ್ ಎಂಬ ಉತ್ಸವ 2011ರಲ್ಲಿ ಲಾಸ್ ವೇಗಸ್‌ಗೆ ಸ್ಥಳಾಂತರಗೊಂಡಿತು. ಅಂಥ ಲಕ್ಷಗಟ್ಟಲೆ ಜನರ ಬಯಲು ಉತ್ಸವಗಳೇ ಈ ಸಂಗೀತದ ಹೊಸ ಮನೆಯಾದವು. ಗಂಡಸುತನದ ಅಬ್ಬರ ಎಂಬ ಗೇಲಿಯ ಅರ್ಥದಲ್ಲಿ ಇದಕ್ಕೆ 'ಬ್ರೋಸ್ಟೆಪ್' ಎಂಬ ಅಡ್ಡಹೆಸರು ಬಿತ್ತು. 2011ರಲ್ಲಿ ಲಂಡನ್ನಿನ ಗಾಯಕ ಜೇಮ್ಸ್ ಬ್ಲೇಕ್ ಕೂಡ ಅಮೆರಿಕಕ್ಕೆ ಹೋದ ಡಬ್‌ಸ್ಟೆಪ್ ಪುರುಷ ದರ್ಪದ ಪೈಪೋಟಿಯಾಗಿದೆ ಎಂದು ಬಹಿರಂಗವಾಗಿ ದೂರಿದ.

ಈ ದೂರಿನಲ್ಲಿ ಸತ್ಯವಿಲ್ಲವೇ? ಇದೆ, ಆದರೆ ಅರ್ಧ. ಕೊರೆಯುವ ಬೇಸ್ ಅಮೆರಿಕನ್ನರ ಆವಿಷ್ಕಾರವಲ್ಲ. ಡಿಎಂಝಡ್‌ನ ಕೋಕಿಯೇ ಆ ದಾರಿ ತುಳಿದಿದ್ದ. ಕ್ಯಾಸ್ಪಾ ಮತ್ತು ರಸ್ಕೊ ಎಂಬ ಬ್ರಿಟಿಷರು 2007ರಲ್ಲಿ ಫ್ಯಾಬ್ರಿಕ್ ಕ್ಲಬ್ಬಿನ ಸಂಕಲನದ ಮೂಲಕ ಅದನ್ನು ಜನಪ್ರಿಯಗೊಳಿಸಿದರು. ರಸ್ಕೊ ಮುಂದೆ ಲಾಸ್ ಏಂಜಲೀಸ್‌ಗೇ ಹೋಗಿ ನೆಲೆಸಿದ. ಬ್ರೋಸ್ಟೆಪ್‌ನ ಹೊಣೆಯಲ್ಲಿ ತನ್ನದೂ ಪಾಲಿದೆ ಎಂದು ಅವನೇ ಒಪ್ಪಿಕೊಂಡಿದ್ದಾನೆ. ತಮ್ಮ ಮನೆಯಲ್ಲೇ ಬೆಳೆದದ್ದನ್ನು ನೆರೆಮನೆಯವರ ಮೇಲೆ ಹೊರಿಸುವುದು ನ್ಯಾಯವಲ್ಲ.

ಅಲ್ಲದೆ, ಒಂದು ಸದ್ದು ಹೇಗಿರಬೇಕೆಂಬುದನ್ನು ಅದನ್ನು ಕೇಳುವ ಜಾಗವೂ ನಿರ್ಧರಿಸುತ್ತದೆ. ಅತಿ ತಗ್ಗಿನ ಬೇಸ್ ಲ್ಯಾಪ್‌ಟಾಪಿನ ಪುಟ್ಟ ಸ್ಪೀಕರಿನಲ್ಲಿ ಕೇಳುವುದೇ ಇಲ್ಲ. ಅಮೆರಿಕದ ನಡುಭಾಗದ ಯಾವುದೋ ಸಣ್ಣ ಪಟ್ಟಣದ ಹುಡುಗನೊಬ್ಬನನ್ನು ಊಹಿಸಿಕೊಳ್ಳಿ. ಅವನ ಊರಲ್ಲಿ ಕತ್ತಲ ಕೋಣೆಯೂ ಇಲ್ಲ, ಆಳೆತ್ತರದ ಧ್ವನಿಪೆಟ್ಟಿಗೆಯೂ ಇಲ್ಲ. ಅವನ ಕಿವಿಗೆ ತಲಪುವುದು ಮಧ್ಯಮದ ಸದ್ದು ಮಾತ್ರ. 'ನೀನು ಲಂಡನ್ನಿಗೆ ಬಂದು ಕೇಳದಿದ್ದರೆ ಕೇಳಿದಂತೆಯೇ ಅಲ್ಲ' ಎಂದು ಅವನಿಗೆ ಹೇಳುವುದು ಕಲೆಯ ಮೇಲಿನ ಪ್ರೀತಿಯೋ, ಮಡಿವಂತಿಕೆಯೋ? ಒಬ್ಬಿಬ್ಬರ ಕೈಯಲ್ಲಷ್ಟೇ ಇರುವ ತಟ್ಟೆ ಪಾವಿತ್ರ್ಯವನ್ನು ಕಾಪಾಡಿದಂತೆಯೇ ಬಾಗಿಲನ್ನೂ ಮುಚ್ಚುತ್ತದೆ.

ಇಷ್ಟೆಲ್ಲ ಒಪ್ಪಿದ ಮೇಲೂ ಎರಡರ ನಡುವೆ ನೈತಿಕವಾದ ಒಂದು ವ್ಯತ್ಯಾಸ ಉಳಿಯುತ್ತದೆ. ಅದು ದೇಶಗಳ ವ್ಯತ್ಯಾಸವಲ್ಲ. ಕೇಳುಗನನ್ನು ಏನೆಂದು ಬಗೆಯುತ್ತೇವೆ ಎಂಬ ವ್ಯತ್ಯಾಸ. ಎರಡು ಪೆಟ್ಟುಗಳ ನಡುವೆ ಬಯಲು ಬಿಡುವವನು ಕೇಳುಗನನ್ನು ನಂಬುತ್ತಾನೆ. ಇವನು ಕಾಯಬಲ್ಲ, ಈ ಖಾಲಿಯನ್ನು ತನ್ನೊಳಗಿನಿಂದ ತುಂಬಿಕೊಳ್ಳಬಲ್ಲ ಎಂಬ ನಂಬಿಕೆ ಅದು. ಪ್ರತಿ ಕ್ಷಣವನ್ನೂ ಸದ್ದಿನಿಂದ ತುಂಬುವವನಿಗೆ ಕೇಳುಗನ ಬಗ್ಗೆ ಭಯ. ಒಂದು ಗಳಿಗೆ ಬಿಟ್ಟರೆ ಇವನು ಎದ್ದುಹೋದಾನು, ಬೇರೊಂದು ಗುಂಡಿ ಒತ್ತಿಯಾನು ಎಂಬ ಭಯ. ಇದು ಮಾರುಕಟ್ಟೆಯ ಭಯ. ಇದಕ್ಕೆ ಪಾಸ್‌ಪೋರ್ಟ್ ಇಲ್ಲ. ಲಂಡನ್ನಿಗೂ ಅದು ಬಂದಿತ್ತು.

ಇನ್ನೊಂದು ಪ್ರಶ್ನೆ, ಯಾರು ಬೆಲೆ ತೆತ್ತರು ಎಂಬುದು. ಲಂಡನ್ನಿನ ಪೊಲೀಸರು 2005ರಲ್ಲಿ 'ಫಾರ್ಮ್ 696' ಎಂಬ ಅರ್ಜಿಯನ್ನು ಜಾರಿಗೆ ತಂದರು. ಸಂಗೀತ ಕೂಟ ನಡೆಸುವವರು ಕಲಾವಿದರ ವಿವರಗಳನ್ನು ಮುಂಚಿತವಾಗಿ ಕೊಡಬೇಕಿತ್ತು. ಆರಂಭದ ವರ್ಷಗಳಲ್ಲಿ ಯಾವ ಬಗೆಯ ಸಂಗೀತ, ಬರುವವರು ಯಾವ ಜನಾಂಗದವರು ಎಂದೂ ಅದು ಕೇಳುತ್ತಿತ್ತು. ಕಪ್ಪು ಯುವಜನರ ಸಂಗೀತವನ್ನೇ ಗುರಿಯಾಗಿಸಿದ ಕ್ರಮವೆಂಬ ಟೀಕೆಯ ನಂತರ 2017ರಲ್ಲಿ ಅದನ್ನು ಕೈಬಿಡಲಾಯಿತು. ಪ್ಲಾಸ್ಟಿಕ್ ಪೀಪಲ್ 2015ರ ಆರಂಭದಲ್ಲಿ ಬಾಗಿಲು ಹಾಕಿತು. ಅತ್ತ ಅಮೆರಿಕದಲ್ಲಿ ನೃತ್ಯಸಂಗೀತ ಷೇರುಪೇಟೆಯ ಸರಕಾಯಿತು. ಉತ್ಸವಗಳನ್ನು ಕೊಂಡುಕೊಂಡು ಗುಡ್ಡೆಹಾಕಿದ ಎಸ್ಎಫ್ಎಕ್ಸ್ ಎಂಬ ಕಂಪೆನಿ 2013ರಲ್ಲಿ ಷೇರುಪೇಟೆಗಿಳಿದು, 2016ರಲ್ಲಿ ದಿವಾಳಿಯೆದ್ದಿತು. ಬೇರಿಗೆ ನೀರಿಲ್ಲ, ಹಣ್ಣಿಗೆ ಹರಾಜು. ಷಿಕಾಗೊದಲ್ಲಿ, ನ್ಯೂಯಾರ್ಕಿನಲ್ಲಿ ಬೇರೂರಿದ ಸಂಗೀತವನ್ನು ಅಮೆರಿಕದ ಉತ್ಸವಗಳು ಯುರೋಪಿನಿಂದ ಬಂದ ಹೊಸ ಫ್ಯಾಷನ್ ಎಂಬಂತೆ ಮಾರಿದವು. ಸಾಲ ಮರೆಯುವುದೆಂದರೆ ಇದೇ.

ಸಾಲ ತೀರಿಸುವ ಬಗೆಯೂ ಈ ಕಥೆಯಲ್ಲೇ ಇದೆ. ಡಿಎಂಝಡ್‌ನ ಮಾಲಾ 2011ರಲ್ಲಿ ಹವಾನಾಕ್ಕೆ ಹೋಗಿ ಅಲ್ಲಿನ ವಾದ್ಯಗಾರರ ನುಡಿಸಾಣಿಕೆಯನ್ನು ಮುದ್ರಿಸಿಕೊಂಡು, 2012ರಲ್ಲಿ 'ಮಾಲಾ ಇನ್ ಕ್ಯೂಬಾ' ಎಂಬ ಸಂಕಲನ ತಂದ. ಊರಿನ ಹೆಸರು ಶೀರ್ಷಿಕೆಯಲ್ಲೇ ಇದೆ; ಪಡೆದದ್ದನ್ನು ಬಚ್ಚಿಡುವ ಯತ್ನವಿಲ್ಲ. ಅಬ್ಬರದ ಸಂಕೇತವೆಂದೇ ಬೈಸಿಕೊಂಡ ಸ್ಕ್ರಿಲ್ಲೆಕ್ಸ್ 2023ರಲ್ಲಿ ಬ್ರಿಟನ್ನಿನ ಫ್ರೆಡ್ ಅಗೇನ್ ಮತ್ತು ಫ್ಲೋಡಾನ್ ಜೊತೆಗೂಡಿ 'ರಂಬಲ್' ಎಂಬ ಕೃತಿ ತಂದ. ಫ್ಲೋಡಾನ್ ಪೂರ್ವ ಲಂಡನ್ನಿನ ಹಳೆಯ ತಲೆ, ಡಬ್‌ಸ್ಟೆಪ್‌ನ ಜೊತೆಜೊತೆಗೇ ಬೆಳೆದ ಗ್ರೈಮ್ ಸಂಗೀತದ ದನಿ. ಆ ಕೃತಿಯಲ್ಲಿ ಸದ್ದು ತಗ್ಗಿದೆ, ನಡುವೆ ಬಯಲು ಮರಳಿದೆ. 2024ರಲ್ಲಿ ಅದಕ್ಕೆ ಗ್ರ್ಯಾಮಿ ಬಂದಾಗ ಆ ಹಳೆಯ ದನಿಯ ಹೆಸರೂ ವೇದಿಕೆಯೇರಿತು. ಹದಿಮೂರು ವರ್ಷ ತಡವಾಗಿಯಾದರೂ ಇದು ಒಂದು ಕಂತು.

ಆದ್ದರಿಂದ ಯಾವುದು ಅಸಲಿ, ಯಾವುದು ನಕಲಿ ಎಂಬ ಚರ್ಚೆಯಿಂದ ನಮಗೆ ಹೆಚ್ಚೇನೂ ಸಿಗುವುದಿಲ್ಲ. ಹಾಗೆ ವಿಂಗಡಿಸುತ್ತ ಹೋದರೆ ಕೊನೆಗೆ ಕಿಂಗ್ ಟಬ್ಬಿಯ ರಿಪೇರಿ ಅಂಗಡಿಯೊಂದೇ ಉಳಿದೀತು; ಅವನು ಕೂಡ ಬೇರೆಯವರ ಹಾಡಿನಿಂದಲೇ ತನ್ನದನ್ನು ಕಟ್ಟಿದವನು. ಪಡೆದವನನ್ನು ಕೇಳಬೇಕಾದದ್ದು ಬೇರೆ. ಯಾರಿಂದ ಪಡೆದೆ ಎಂದು ಹೇಳುತ್ತೀಯಾ? ಲಾಭ ಬಂದಾಗ ಅವರ ಪಾಲು ನೆನಪಿದೆಯೇ? ಕೇಳುವವನನ್ನು ಮನುಷ್ಯನೆಂದು ನಂಬಿದ್ದೀಯಾ, ಗಿರಾಕಿಯೆಂದು ಹಿಡಿದಿಟ್ಟಿದ್ದೀಯಾ? ಈ ಪ್ರಶ್ನೆಗಳು ಲಂಡನ್ನಿನವನಿಗೂ ಲಾಸ್ ಏಂಜಲೀಸಿನವನಿಗೂ ಒಂದೇ. ಸಂಗೀತಕ್ಕೆ ಮಾತ್ರವಲ್ಲ, ನಾವು ಮಾತಾಡುವ ಭಾಷೆಗೆ, ಉಣ್ಣುವ ಊಟಕ್ಕೆ, ಹೆಮ್ಮೆಯಿಂದ 'ನಮ್ಮದು' ಎಂದು ಎದೆತಟ್ಟಿಕೊಳ್ಳುವ ಎಲ್ಲಕ್ಕೂ ಇವು ಅನ್ವಯಿಸುತ್ತವೆ. 'ನಮ್ಮದು' ಎನ್ನುವ ಮೊದಲು 'ಯಾರಿಂದ ಬಂತು' ಎಂದು ಒಮ್ಮೆ ಕೇಳಿಕೊಂಡರೆ ಹೆಮ್ಮೆಗೇನೂ ಕುಂದಿಲ್ಲ. ಕಡಿಮೆಯಾಗುವುದು ಜಗಳ ಮಾತ್ರ.