ಆರು ತಿಂಗಳ ವ್ಯಾಕರಣ

ಪರಭಾಷೆಯೊಂದರ ವ್ಯಾಕರಣವನ್ನು ಅಲ್ಪಕಾಲದಲ್ಲಿ ಗ್ರಹಿಸಿದವನು ಆ ಭಾಷೆಯನ್ನೇ ತಿಳಿದಂತಾಯಿತೇ ಎಂಬುದು ಮೇಲ್ನೋಟಕ್ಕೆ ಪಾಠಕ್ರಮದ ಪ್ರಶ್ನೆಯಾಗಿ ತೋರಿದರೂ, ಅದರ ಬೇರು ಸತ್ಯಕ್ಕೂ ಉಪಾಯಕ್ಕೂ ಇರುವ ಸಂಬಂಧದಲ್ಲಿದೆ. ಪತಂಜಲಿಯು ಮಹಾಭಾಷ್ಯದಲ್ಲಿ ವ್ಯಾಕರಣಾಧ್ಯಯನಕ್ಕೆ ಹೇಳಿದ ಐದು ಪ್ರಯೋಜನಗಳಲ್ಲಿ ವೇದರಕ್ಷಣೆಯ ಜೊತೆಗೆ ಲಾಘವವೂ, ಎಂದರೆ ಕಡಿಮೆ ಶ್ರಮದಿಂದ ಶಬ್ದಗಳನ್ನು ಅರಿಯುವ ಸೌಕರ್ಯವೂ, ಸೇರಿದೆ. ಬೃಹಸ್ಪತಿಯು ಇಂದ್ರನಿಗೆ ಸಾವಿರ ದಿವ್ಯವರ್ಷಗಳ ಕಾಲ ಒಂದೊಂದೇ ಶಬ್ದವನ್ನು ಹೇಳಿಕೊಟ್ಟರೂ ಕೊನೆಗಾಣಲಿಲ್ಲವೆಂಬ ಕಥೆಯನ್ನು ನೆನೆದು, ಉತ್ಸರ್ಗವೆಂಬ ಸಾಮಾನ್ಯ ನಿಯಮವನ್ನೂ ಅದನ್ನು ತಡೆಯುವ ಅಪವಾದವೆಂಬ ವಿಶೇಷ ನಿಯಮವನ್ನೂ ಹಿಡಿದು ಸಾಗುವುದೊಂದೇ ದಾರಿಯೆಂದು ಅವನು ತೋರಿಸುತ್ತಾನೆ.

ಈ ಲಾಘವವನ್ನು ತುದಿಗೆ ಒಯ್ದದ್ದು ಶರ್ವವರ್ಮನ ಕಾತಂತ್ರ ವ್ಯಾಕರಣ. ಕನ್ನಡಿಗರಿಗೆ ವಡ್ಡಕಥೆಯ ಕರ್ತೃವೆಂದು ಪರಿಚಿತನಾದ ಗುಣಾಢ್ಯನು ಸಾತವಾಹನ ರಾಜನಿಗೆ ಆರು ವರ್ಷಗಳಲ್ಲಿ ಸಂಸ್ಕೃತ ವ್ಯಾಕರಣ ಕಲಿಸುವೆನೆಂದಾಗ, ಶರ್ವವರ್ಮನು ಆರೇ ತಿಂಗಳು ಸಾಕೆಂದು ಪಣತೊಟ್ಟು, ಕಾರ್ತಿಕೇಯನ ವರದಿಂದ ಗೆದ್ದನೆಂದು ಕಥಾಸರಿತ್ಸಾಗರ ಹೇಳುತ್ತದೆ. ವರದ ಮಾತು ಹೇಗೇ ಇರಲಿ, ಗ್ರಂಥದ ಗುಟ್ಟು ಇರುವುದು ಬಿಟ್ಟದ್ದರಲ್ಲಿ: ಸುಮಾರು 4000 ಸೂತ್ರಗಳ ಪಾಣಿನೀಯದಲ್ಲಿರುವ ವೈದಿಕ ಪ್ರಯೋಗಗಳ ಮತ್ತು ಉಚ್ಚಾರದ ಏರಿಳಿತದ ನಿಯಮಗಳನ್ನು ಕೈಬಿಟ್ಟು, ಸಂಕೇತಾಕ್ಷರಗಳ ಬದಲು ಸ್ವರ, ವ್ಯಂಜನ ಎಂಬ ರೂಢಿಯ ಹೆಸರುಗಳನ್ನೇ ಅದು ಬಳಸಿತು. ಬೌದ್ಧರ ಮೂಲಕ ಮಧ್ಯ ಏಷ್ಯಾಕ್ಕೂ ಟಿಬೆಟ್ಟಿಗೂ, ಅಂದರೆ ಸಂಸ್ಕೃತವು ನಿಜಕ್ಕೂ ಪರಭಾಷೆಯಾಗಿದ್ದ ನಾಡುಗಳಿಗೂ, ಅದು ತಲುಪಿದ್ದು ಆಶ್ಚರ್ಯವಲ್ಲ.

ಹೀಗೆ ಕತ್ತರಿಸಿ ಕಿರಿದಾಗಿಸಿದ ವ್ಯಾಕರಣ ಭಾಷೆಗೆ ಮಾಡಿದ ಅನ್ಯಾಯವಲ್ಲವೇ ಎಂಬ ಆಕ್ಷೇಪಕ್ಕೆ ಭರ್ತೃಹರಿಯ ವಾಕ್ಯಪದೀಯದಲ್ಲಿ ಉತ್ತರವನ್ನು ಹುಡುಕಬಹುದು. ಅವನ ಮತದಲ್ಲಿ ವಾಕ್ಯವು ಅಖಂಡ. ಪದ, ಪ್ರಕೃತಿ, ಪ್ರತ್ಯಯಗಳು ಅಪೋದ್ಧಾರದಿಂದ, ಎಂದರೆ ಬುದ್ಧಿಯು ಅಖಂಡವಾದುದರಿಂದ ಅಂಶಗಳನ್ನು ಕಲ್ಪಿಸಿ ಬೇರ್ಪಡಿಸುವುದರಿಂದ, ದೊರೆತವು. ಅರ್ಥವು ಕೇಳುಗನಲ್ಲಿ ಮೂಡುವುದು ಪ್ರತಿಭೆಯಾಗಿ, ಒಮ್ಮೆಲೇ ಹೊಳೆಯುವ ಅರಿವಾಗಿಯೇ ಹೊರತು ತುಂಡುಗಳ ಮೊತ್ತವಾಗಿ ಅಲ್ಲ. ಶಾಸ್ತ್ರದ ವಿಭಾಗಗಳು ಕಲಿಯುವವರಿಗಾಗಿ ಇರುವ ಉಪಾಯಗಳಾಗಿದ್ದು, ಅಸತ್ಯದ ದಾರಿಯಲ್ಲಿ ನಿಂತೇ ಸತ್ಯದತ್ತ ನಡೆಸುತ್ತವೆ. ಇದನ್ನು ಒಪ್ಪಿದರೆ ಪಾಣಿನೀಯವೂ ಕಾತಂತ್ರವೂ ಸಮಾನವಾಗಿ ಕಲ್ಪಿತವಾದವುಗಳೇ. ಹಿರಿದಾದ ಮಾತ್ರಕ್ಕೆ ಒಂದು ಹೆಚ್ಚು ಸತ್ಯವಾಗದು, ಕಿರಿದಾದ ಮಾತ್ರಕ್ಕೆ ಇನ್ನೊಂದು ಸುಳ್ಳಾಗದು. ಆದರೆ ಉಪಾಯವನ್ನೇ ಗುರಿಯೆಂದು ಬಗೆದವನಿಗೆ ಆರು ತಿಂಗಳಾದರೇನು, ಹನ್ನೆರಡು ವರ್ಷಗಳಾದರೇನು, ಭಾಷೆ ದಕ್ಕುವುದಿಲ್ಲ.

ಇಲ್ಲಿ ಪರದೇಶಿಯ ಸ್ಥಿತಿ ವಿಲಕ್ಷಣವಾದುದು. ಮಡಕೆ ಬೇಕಾದವನು ಕುಂಬಾರನ ಮನೆಗೆ ಹೋಗುವಂತೆ ಶಬ್ದ ಬೇಕಾದವನು ವೈಯಾಕರಣನ ಮನೆಗೆ ಹೋಗುವುದಿಲ್ಲವೆಂದು ಪತಂಜಲಿ ಹೇಳಿದ್ದು ಆಡುಭಾಷೆಯಲ್ಲಿ ಹುಟ್ಟಿ ಬೆಳೆದವರ ಮಟ್ಟಿಗೆ ದಿಟ. ಪರಭಾಷಿಕನಾದರೋ ಹೋಗಲೇಬೇಕಾಗುತ್ತದೆ, ಏಕೆಂದರೆ ಇತರರಿಗೆ ಬಳಕೆಯ ನಂತರ ಬರುವ ನಿಯಮ ಅವನಿಗೆ ಬಳಕೆಗಿಂತ ಮೊದಲೇ ಬರುತ್ತದೆ. ಭರ್ತೃಹರಿಯನ್ನು ತನ್ನ ಪ್ರವಾಸಗ್ರಂಥದಲ್ಲಿ ಹೆಸರಿಸಿರುವ (ಕಾಲವನ್ನು ಮಾತ್ರ ತಪ್ಪಾಗಿ ಹೇಳಿರುವ) ಚೀನಾದ ಭಿಕ್ಷು ಇತ್ಸಿಂಗನು ಇಂಥ ಪರಭಾಷಿಕ. ಕ್ರಿ.ಶ. 671ರಲ್ಲಿ ಸ್ವದೇಶದಿಂದ ಹಡಗು ಹತ್ತಿದ ಅವನು ಸುಮಾತ್ರಾದ ಶ್ರೀವಿಜಯದಲ್ಲಿ ಆರು ತಿಂಗಳು ತಂಗಿ ಶಬ್ದವಿದ್ಯೆಯನ್ನು, ಎಂದರೆ ಸಂಸ್ಕೃತ ವ್ಯಾಕರಣವನ್ನು, ಕಲಿತನು. ಭಾರತಕ್ಕೆ ಹೊರಟ ಇತರ ಭಿಕ್ಷುಗಳೂ ಅಲ್ಲಿ ಒಂದೆರಡು ವರ್ಷ ನಿಂತು ಅಭ್ಯಾಸ ಮಾಡಿ ಮುಂದುವರಿಯುವುದು ಲೇಸೆಂದು ಅವನು ಬರೆದಿದ್ದಾನೆ. 673ರಲ್ಲಿ ಭಾರತದ ತಾಮ್ರಲಿಪ್ತಿಯಲ್ಲಿ ಇಳಿದ ಮೇಲೂ ಅವನು ನೇರವಾಗಿ ನಾಲಂದಾಕ್ಕೆ ತೆರಳದೆ, ತನಗಿಂತ ಮೊದಲೇ ತಾಮ್ರಲಿಪ್ತಿಯಲ್ಲಿ ನೆಲೆಸಿದ್ದ ಇನ್ನೊಬ್ಬ ಭಿಕ್ಷುವಿನ ಜೊತೆಗಿದ್ದು, ಸುಮಾರು ಒಂದು ವರ್ಷ ಮತ್ತೆ ಸಂಸ್ಕೃತವನ್ನೇ ಕಲಿತನು.