ನಿಮ್ಮ ಮನೆಯಲ್ಲಿ ನೀವು ಯಾರು?

ಲೂಕನ ಸುವಾರ್ತೆ ಎರಡನೇ ಅಧ್ಯಾಯ ತೆಗೆಯಿರಿ. ಕ್ರಿಸ್ಮಸ್ ಬರುವ ಮೊದಲೇ ಪಾಸ್ಟರ್ ಯಾಕೆ ಗೋದಲಿಗೆ ಹೋದ್ರು ಅಂತ ಕೆಲವರು ಯೋಚಿಸಬಹುದು. ಇವತ್ತು ಗೋದಲಿಯ ತನಕ ಹೋಗೋದಿಲ್ಲ. ಅದಕ್ಕಿಂತ ಮೊದಲು ಆ ಅಧ್ಯಾಯದಲ್ಲಿ ಒಂದು ಸರ್ಕಾರಿ ಆದೇಶ ಬರುತ್ತೆ. ಅಲ್ಲಿಂದ ಶುರು ಮಾಡೋಣ.

ರೋಮಿನ ಔಗುಸ್ತ ಚಕ್ರವರ್ತಿ ಜನರ ಲೆಕ್ಕ ಬರೆಸಬೇಕು ಅಂತ ಆಜ್ಞೆ ಹೊರಡಿಸಿದ. ಎಲ್ಲೋ ನಜರೇತಿನಲ್ಲಿ ಒಬ್ಬ ಬಡಗಿ, ಅವನ ಜೊತೆ ತುಂಬು ಗರ್ಭಿಣಿ. ಇಬ್ಬರೂ ಬೇತ್ಲೆಹೇಮಿಗೆ ಹೊರಡಬೇಕಾಯಿತು. ಚಕ್ರವರ್ತಿಗೆ ಮರಿಯಳಿಗೆ ಎಷ್ಟು ತಿಂಗಳು ಅಂತ ಗೊತ್ತಿತ್ತಾ? ಇಲ್ಲ. ಅವನಿಗೆ ಬೇಕಾಗಿದ್ದು ಲೆಕ್ಕ. ಎಷ್ಟೋ ಲಕ್ಷ ಜನರನ್ನ ಆಳೋರಿಗೆ ಪಟ್ಟಿ ಬೇಕು, ಪಟ್ಟಿಯಲ್ಲಿ ಹೆಸರು ಬರುತ್ತೆ, ಹೆರಿಗೆ ನೋವು ಬರೋದಿಲ್ಲ. ಆದರೂ ಆ ಪಟ್ಟಿ ಒಂದು ಸಂಸಾರವನ್ನ ದಾರಿಗೆ ತಂದು ನಿಲ್ಲಿಸಿತು.

"ನಮ್ಮ ಮನೆ ವಿಷಯ, ಸರ್ಕಾರಕ್ಕೇನು ಸಂಬಂಧ?" ಅನ್ನೋರು ಈ ಅಧ್ಯಾಯವನ್ನ ಇನ್ನೊಮ್ಮೆ ಓದಬೇಕು. ಸಂಬಂಧ ಇದೆ. ಮೊದಲಿಂದಲೂ ಇದೆ. ಈಗ ಸರ್ಕಾರದ ಜೊತೆ ಇನ್ನೊಂದು ಸೇರಿದೆ: ಟಿವಿ, ಫೋನು. ಸರ್ಕಾರ ನಮ್ಮನ್ನ ಫಲಾನುಭವಿ ಅಂತ ಕರೆಯುತ್ತೆ. ಮೀಡಿಯಾಗೆ ನಾವು ಪ್ರೇಕ್ಷಕರು. ಅವರ ಕೆಲಸಕ್ಕೆ ಆ ಹೆಸರುಗಳು ಬೇಕು, ತಪ್ಪಿಲ್ಲ. ನನ್ನ ಪ್ರಶ್ನೆ ಇಷ್ಟೇ: ಚಪ್ಪಲಿ ಬಿಟ್ಟು ಮನೆಯೊಳಗೆ ಕಾಲಿಟ್ಟ ಮೇಲೆ ನೀವು ಯಾರು? ಅಲ್ಲೂ ಫಲಾನುಭವಿಯಾ? ಅಲ್ಲೂ ಪ್ರೇಕ್ಷಕರಾ?

ಹೊಲದ ತನಕ ಕಾನೂನು

2023 ಎಲ್ಲರಿಗೂ ನೆನಪಿದೆ ಅಲ್ವಾ? ಗೃಹಲಕ್ಷ್ಮಿ ಯೋಜನೆ ಘೋಷಣೆ ಆಯಿತು. ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ. ಆಗಸ್ಟ್ 30ಕ್ಕೆ ಮೈಸೂರಿನಲ್ಲಿ ಚಾಲನೆ ಸಿಕ್ಕಿತು. ಆದರೆ ದುಡ್ಡು ಬರೋದಕ್ಕಿಂತ ಮೊದಲೇ ಮನೆಮನೆಗೆ ಒಂದು ಪ್ರಶ್ನೆ ಬಂತು. ಯಜಮಾನಿ ಯಾರು? ಅತ್ತೆಯಾ, ಸೊಸೆಯಾ? ಟಿವಿಯವರು ಅದನ್ನೇ ಹಿಡಿದು ದಿನಗಟ್ಟಲೆ ಚರ್ಚೆ ನಡೆಸಿದರು. ನಾವೂ ನಗ್ತಾ ನೋಡಿದೆವು.

ಸರ್ಕಾರದ ಲೆಕ್ಕದಲ್ಲಿ ಉತ್ತರ ಸುಲಭ. ರೇಷನ್ ಕಾರ್ಡಿನಲ್ಲಿ ಯಾರ ಹೆಸರಿದೆಯೋ ಅವರು. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ರೇಷನ್ ಕಾರ್ಡಿಗೆ 18 ವರ್ಷ ದಾಟಿದ ಹಿರಿಯ ಹೆಂಗಸೇ ಮನೆಯ ಮುಖ್ಯಸ್ಥೆ. ಇದು ಸಣ್ಣ ವಿಷಯ ಅಲ್ಲ ಪ್ರಿಯರೇ. ಜೀವಮಾನ ಪೂರ್ತಿ ಗಂಡನ ಹತ್ತಿರ, ಆಮೇಲೆ ಮಗನ ಹತ್ತಿರ ಕೈಚಾಚಿದ ಒಬ್ಬ ತಾಯಿಗೆ ತನ್ನದೇ ಖಾತೆ, ತನ್ನದೇ ಪಾಸ್‌ಬುಕ್. ಅಪೊಸ್ತಲರ ಕೃತ್ಯಗಳು ಆರನೇ ಅಧ್ಯಾಯದಲ್ಲಿ ದಿನದ ಊಟ ಹಂಚೋವಾಗ ಕೆಲವು ವಿಧವೆಯರಿಗೆ ಸಿಗಲಿಲ್ಲ ಅಂತ ಗೊಣಗಾಟ ಬಂದಾಗ, ಸಭೆ ಅವರ ಬಾಯಿ ಮುಚ್ಚಿಸಲಿಲ್ಲ. ಏಳು ಜನರನ್ನ ಆರಿಸಿ ಜವಾಬ್ದಾರಿ ಕೊಟ್ಟಿತು. ಬಡವರ ಪಾಲು ಸರಿಯಾಗಿ ತಲುಪಬೇಕು ಅನ್ನೋದು ದೇವಜನರಿಗೆ ಹೊಸದಲ್ಲ.

ಈಗ ರೂತಳ ಪುಸ್ತಕಕ್ಕೆ ಬನ್ನಿ. ಅಲ್ಲೂ ಅತ್ತೆ ಸೊಸೆ. ಇಬ್ಬರೂ ವಿಧವೆಯರು, ಕೈಯಲ್ಲಿ ಏನೂ ಇಲ್ಲ. ಬೇತ್ಲೆಹೇಮಿಗೆ ಬಂದಾಗ ಜವೆಗೋಧಿ ಕೊಯ್ಲು ನಡೀತಿತ್ತು. ರೂತಳು ಹಕ್ಕಲಾಯಲು ಹೋದಳು. ಹಕ್ಕಲಾಯೋದು ಯಾರೋ ದೊಡ್ಡಮನಸ್ಸು ಮಾಡಿ ಕೊಟ್ಟ ಭಿಕ್ಷೆ ಅಂದ್ಕೊಂಡಿದ್ದೀರಾ? ಅದು ಕಾನೂನು. ಯಾಜಕಕಾಂಡ 19ರಲ್ಲಿದೆ: ಹೊಲದ ಅಂಚನ್ನ ಪೂರ್ತಿ ಕೊಯ್ಯಬಾರದು, ಬಿದ್ದ ತೆನೆಯನ್ನ ಬಡವರಿಗೂ ಪರದೇಶಿಗಳಿಗೂ ಬಿಡಬೇಕು. ಅವತ್ತಿನ ಕಾಲದ ಯೋಜನೆ ಅನ್ನಿ. ರೂತಳು ಅದರ ಫಲಾನುಭವಿ.

ಆದರೆ ಎರಡನೇ ಅಧ್ಯಾಯದ ಕೊನೆಗೆ ಬಂದು ಗಮನಿಸಿ. ಸಂಜೆ ಅವಳು ಸುಮಾರು ಒಂದು ಏಫಾ ಕಾಳು ಹೊತ್ತು ಮನೆಗೆ ಬಂದು ಅತ್ತೆಗೆ ತೋರಿಸಿದಳು. ಅಷ್ಟೇ ಅಲ್ಲ, ಮಧ್ಯಾಹ್ನ ತಾನು ಉಂಡು ಮಿಗಿಸಿಟ್ಟಿದ್ದನ್ನೂ ತೆಗೆದು ಕೊಟ್ಟಳು. ಉಣ್ಣೋವಾಗಲೇ ಮನೆಯಲ್ಲಿ ಒಬ್ಬಳೇ ಕೂತಿರೋ ನೊವೊಮಿ ಅವಳಿಗೆ ನೆನಪಾಗಿದ್ದಾಳೆ. ಇದನ್ನ ಯಾವ ಕಾನೂನು ಹೇಳಿತ್ತು? ಯಾವುದೂ ಇಲ್ಲ. ಇನ್ನೊಂದು ಕಡೆ ನೊವೊಮಿಯನ್ನೂ ನೋಡಿ. "ಸೊಸೆ ದುಡಿದು ತರ್ತಾಳೆ, ನಾನು ಕೂತು ತಿಂತೀನಿ" ಅಂತ ಸುಮ್ಮನಿರಲಿಲ್ಲ. ಮೂರನೇ ಅಧ್ಯಾಯದಲ್ಲಿ ಸೊಸೆಗೊಂದು ನೆಲೆ ಸಿಗಬೇಕು ಅಂತ ಯೋಚನೆ ಮಾಡಿದಳು.

ಹೊಲದ ತನಕ ಕಾನೂನು ಕರ್ಕೊಂಡು ಹೋಗುತ್ತೆ. ಹೊಲದಿಂದ ಮನೆ ತನಕ ಕಾಳನ್ನ ಪ್ರೀತಿ ಹೊರಬೇಕು. 2,000 ರೂಪಾಯಿ ಖಾತೆಗೆ ಬೀಳೋ ತನಕ ಸರ್ಕಾರದ ಕೆಲಸ. ಅದರಲ್ಲಿ ಅತ್ತೆಯ ಔಷಧ ಬರುತ್ತಾ, ಸೊಸೆಗೂ ಒಂದು ಮಾತು ಕೇಳ್ತಾರಾ, ಇದು ಯಾವ ಅರ್ಜಿಯಲ್ಲೂ ಇಲ್ಲ. ಬೆಳಗಾವಿ ಜಿಲ್ಲೆಯಲ್ಲಿ ಒಬ್ಬ ಅಜ್ಜಿ ಈ ದುಡ್ಡು ಕೂಡಿಟ್ಟು ಊರವರಿಗೆ ಹೋಳಿಗೆ ಊಟ ಹಾಕಿಸಿದ ಸುದ್ದಿ 2024ರಲ್ಲಿ ಬಂತು. ಯೋಜನೆ ಅದೇ, ದುಡ್ಡೂ ಅಷ್ಟೇ. ಕೆಲವು ಮನೆಯಲ್ಲಿ ಒಲೆ ಎರಡಾಗೋ ಮಾತು ಬಂತು, ಇನ್ನೊಂದು ಕಡೆ ಊರಿಗೇ ಊಟ ಆಯಿತು.

ಸಮುದ್ರಕ್ಕೆ ಪಹಣಿ ಇಲ್ಲ

ಈಗ ನಮ್ಮ ಕರಾವಳಿಗೆ ಬರೋಣ. ನಿಮ್ಮಲ್ಲಿ ಕೆಲವರ ಊರು ಅಂಕೋಲೆ, ಕಾರವಾರ. ಕಡಲತಡಿಯ ಮನೆಗಳಿಗೆ ಸರ್ಕಾರಿ ಆದೇಶ ಹೊಸದಲ್ಲ. ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮೀನು ಮರಿ ಮಾಡೋ ಕಾಲ, ಸಂಸಾರಗಳು ಅದಕ್ಕೆ ಹೊಂದಿಕೊಂಡಿವೆ, ಬಲೆ ರಿಪೇರಿ ಮಾಡ್ಕೊಂಡು ಕಾಯ್ತವೆ. ಎಲ್ಲಾ ಆದೇಶ ಹಾಗೆ ಎರಡು ತಿಂಗಳಿಗೆ ಮುಗಿಯೋದಿಲ್ಲ.

ಕಾರವಾರದ ಅರಗಾ ಹತ್ತಿರ ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಶಂಕುಸ್ಥಾಪನೆ ಆಯಿತು. 2005ರಲ್ಲಿ ಐಎನ್‌ಎಸ್ ಕದಂಬ ಕಾರ್ಯಾರಂಭ ಮಾಡಿತು. ದೇಶದ ರಕ್ಷಣೆಗೆ ಬೇಕಾದ ನೆಲೆ. ಅದಕ್ಕಾಗಿ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಮನೆ ಬಿಟ್ಟವು, ಪರಿಹಾರದ ಕೇಸುಗಳು ದಶಕಗಟ್ಟಲೆ ನಡೆದವು. ಈಗ ಕೇಣಿಯ ಸರದಿ. 2023ರ ನವೆಂಬರ್‌ನಲ್ಲಿ ಅಲ್ಲಿ ವಾಣಿಜ್ಯ ಬಂದರು ಕಟ್ಟೋ ಗುತ್ತಿಗೆ ಜೆಎಸ್‌ಡಬ್ಲ್ಯು ಇನ್ಫ್ರಾಸ್ಟ್ರಕ್ಚರ್ ಕಂಪನಿಗೆ ಸಿಕ್ಕಿತು, ಅಂದಾಜು ವೆಚ್ಚ 4,119 ಕೋಟಿ ರೂಪಾಯಿ. 2025ರ ಫೆಬ್ರವರಿಯಲ್ಲಿ ಸಮುದ್ರದಲ್ಲಿ ಸಮೀಕ್ಷೆ ಶುರುವಾದಾಗ ನಿಷೇಧಾಜ್ಞೆ ಬಂತು, ಮೀನುಗಾರರು ಬೀದಿಗಿಳಿದರು. ಆಗಸ್ಟ್‌ನಲ್ಲಿ ಅಂಕೋಲೆಯಲ್ಲಿ ನಡೆದ ಅಹವಾಲು ಸಭೆಗೆ ಸಾವಿರಾರು ಜನ ಬಂದು ಬಂದರು ಬೇಡ ಅಂದರು.

ಸರ್ಕಾರದ ಕಣ್ಣಿಗೆ ನಷ್ಟ ಹೇಗೆ ಕಾಣುತ್ತೆ ಯೋಚಿಸಿ. ಮನೆಗೆ ನಂಬರ್ ಇದೆ. ಜಮೀನಿಗೆ ಪಹಣಿ ಇದೆ. ಆದರೆ ಆಯಿ ಮೀನು ಒಣಗಿಸೋ ಮರಳಿಗೆ ಪಹಣಿ ಇದೆಯಾ? ದೋಣಿ ಬರೋದು ಕಂಡ ಕೂಡಲೇ ಬುಟ್ಟಿ ಹಿಡಿದು ದಡಕ್ಕೆ ಓಡೋಕೆ ಆಗುವಷ್ಟು ಹತ್ತಿರ ಮನೆ ಇದೆಯಲ್ಲ, ಆ ಹತ್ತಿರಕ್ಕೆ ಎಷ್ಟು ರೇಟು? ಸಮುದ್ರಕ್ಕೆ ಪಹಣಿ ಇಲ್ಲ ಪ್ರಿಯರೇ. ಪಟ್ಟಿಯಲ್ಲಿ ಇಲ್ಲದ್ದನ್ನ ಬಾಯಿಬಿಟ್ಟೇ ಹೇಳಬೇಕು. ಆದ್ದರಿಂದ ಅಹವಾಲು ಸಭೆಗೆ ಹೋಗಿ ಮಾತಾಡೋದು ದಂಗೆ ಅಲ್ಲ. ಆಳುವವರಿಗಾಗಿ ಪ್ರಾರ್ಥಿಸೋ ನಾವು ಅವರಿಗೆ ನಿಜವನ್ನೂ ಹೇಳಬೇಕು.

ಈಗ ಮನೆಯೊಳಗೆ ಬನ್ನಿ. ಕೇಣಿಯಲ್ಲಿ ಹೀಗೊಂದು ಮನೆ ಇದೆ ಅಂದ್ಕೊಳ್ಳಿ. ಅಪ್ಪ ದೋಣಿಗೆ ಹೋಗ್ತಾರೆ. ಆಯಿ ಅಂಕೋಲೆ ಪೇಟೆಯಲ್ಲಿ ಮೀನು ಮಾರ್ತಾರೆ. ಮಗ ಐಟಿಐ ಮುಗಿಸಿ ಕೆಲಸ ಇಲ್ಲದೆ ಕೂತಿದ್ದಾನೆ, ಬಂದರು ಬಂದ್ರೆ ಊರಲ್ಲೇ ನೌಕರಿ ಸಿಗಬಹುದು ಅಂತ ಒಳಗೊಳಗೇ ಆಸೆ. ಮಗಳು ಬೆಂಗಳೂರಿನ ಪಿಜಿಯಲ್ಲಿದ್ದಾಳೆ, ಹೋರಾಟದ ವೀಡಿಯೊ ಸ್ಟೇಟಸ್‌ಗೆ ಹಾಕ್ತಾಳೆ. ಮಗನನ್ನ ದ್ರೋಹಿ ಅಂತ ಕರೆಯೋದು ಸುಲಭ. ಅಪ್ಪನಿಗೆ ಅಭಿವೃದ್ಧಿ ಬೇಡ ಅನ್ನೋದೂ ಸುಲಭ. ನಾಲ್ವರೂ ಒಂದೇ ಪಾತ್ರೆಯ ಮೀನುಸಾರು ಉಣ್ಣೋರು. "ಅಪ್ಪಾ, ನಿನಗೆ ಯಾವುದರ ಹೆದರಿಕೆ?" ಅಂತ ಮಗ ಕೇಳಿದ್ದಾನಾ? "ಇಷ್ಟು ವರ್ಷ ಕೆಲಸ ಇಲ್ಲದೆ ನಿನಗೆ ಹೇಗಾಗ್ತಿದೆ?" ಅಂತ ಅಪ್ಪ ಕೇಳಿದ್ದಾರಾ?

ಲೂಕ 12ರಲ್ಲಿ ಒಬ್ಬ ಯೇಸುವಿನ ಹತ್ತಿರ ಬಂದು, ಅಣ್ಣತಮ್ಮಂದಿರ ಆಸ್ತಿ ಪಾಲು ಮಾಡಿಸಿಕೊಡು ಅಂತ ಕೇಳ್ತಾನೆ. ಯೇಸು ಆ ನ್ಯಾಯಾಧಿಪತಿಯ ಕೆಲಸ ಒಪ್ಪಲಿಲ್ಲ, ಲೋಭದ ಬಗ್ಗೆ ಎಚ್ಚರಿಸಿದ. ಯಾಕೆ? ಕೋರ್ಟು ಪಾಲನ್ನ ಸರಿಯಾಗಿ ಮಾಡಿಕೊಡಬಹುದು. ಪಾಲಾದ ಮೇಲೂ ಅವರು ಅಣ್ಣತಮ್ಮ ಆಗಿ ಉಳೀತಾರಾ ಅನ್ನೋದು ಕೋರ್ಟಿನ ಕೈಯಲ್ಲಿಲ್ಲ. ಪರಿಹಾರದ ದುಡ್ಡು ಬಂದ ಮನೆಗಳಿಗೆ ಈ ಮಾತು ಬೇಕು.

ಕ್ಯಾಮೆರಾ ಬಂದಾಗ

ಮೀಡಿಯಾ ವಿಷಯಕ್ಕೂ ದೂರ ಹೋಗಬೇಕಿಲ್ಲ. ಅದೇ ಅಂಕೋಲೆ ತಾಲೂಕಿನ ಶಿರೂರು. 2024ರ ಜುಲೈ 16ರ ಬೆಳಿಗ್ಗೆ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿಯಿತು. ಹೆದ್ದಾರಿ ಪಕ್ಕ ಚಹಾ ಅಂಗಡಿ ಇಟ್ಕೊಂಡಿದ್ದ ಒಂದು ಸಂಸಾರವೇ ಹೋಯಿತು. ಕೇರಳದ ಒಬ್ಬ ಲಾರಿ ಚಾಲಕ ಕಾಣೆಯಾದ. ಮಲಯಾಳಂ ಚಾನೆಲ್‌ಗಳು ಬಂದು ಗಂಗಾವಳಿ ದಡದಲ್ಲೇ ಕೂತವು. ಒಳ್ಳೇದೂ ಆಯಿತು. ಸುದ್ದಿ ನಿಲ್ಲಲಿಲ್ಲ, ಹುಡುಕಾಟಕ್ಕೂ ಒತ್ತಡ ಬಂತು, ಗೋವಾದಿಂದ ಡ್ರೆಜರ್ ತಂದರು, ಸೆಪ್ಟೆಂಬರ್ 25ಕ್ಕೆ ನದಿಯಿಂದ ಲಾರಿ ಮೇಲೆ ಬಂತು. ಎರಡು ತಿಂಗಳು ಕಾದ ಮನೆಯವರಿಗೆ ಅಂತ್ಯಕ್ರಿಯೆ ಮಾಡೋಕಾದ್ರೂ ಸಾಧ್ಯವಾಯಿತು.

ಆದರೆ ಅದೇ ಕುಟುಂಬದ ಮೇಲೆ ಸೋಷಿಯಲ್ ಮೀಡಿಯಾದಲ್ಲಿ ದಾಳಿಯೂ ನಡೀತು, ಅವರು ಪೊಲೀಸರಿಗೆ ದೂರು ಕೊಡಬೇಕಾಯಿತು. ನದಿಯ ಆಚೆ ದಡದ ಉಳುವರೆಯಲ್ಲಿ ನೀರು ನುಗ್ಗಿ ಮನೆಗಳೇ ಕೊಚ್ಚಿಹೋದವು, ಅಲ್ಲಿಗೆ ಅಷ್ಟು ಕ್ಯಾಮೆರಾ ಹೋಗಲಿಲ್ಲ. ಬೇರೆಯವರ ದುಃಖವನ್ನ ತುಂಬಾ ಹೊತ್ತು ನೋಡಿದ ಪ್ರೇಕ್ಷಕನಿಗೆ ಒಂದು ಅಭ್ಯಾಸ ಬೀಳುತ್ತೆ: ಯಾರು ಸರಿಯಾಗಿ ಅತ್ತರು, ಯಾರು ನಾಟಕ ಮಾಡಿದರು ಅಂತ ಮಾರ್ಕ್ಸ್ ಕೊಡೋ ಅಭ್ಯಾಸ. ಆ ಅಭ್ಯಾಸ ಫೋನ್ ಲಾಕ್ ಮಾಡಿದ ಕೂಡಲೇ ಹೋಗೋದಿಲ್ಲ, ನಮ್ಮ ಜೊತೆ ಊಟಕ್ಕೂ ಕೂರುತ್ತೆ. ಅಮ್ಮ ಬೇಜಾರಾದ್ರೆ "ಓವರ್ ಆಯ್ತು" ಅಂತೀವಿ. ಮನೆಯವರೇ ನಮಗೆ ಒಂದು ಎಪಿಸೋಡ್ ಆಗಿಬಿಡ್ತಾರೆ. ಇದೇ ನನಗೆ ಹೆಚ್ಚು ಭಯ.

"ಮನೆ ಮಾನ" ಅನ್ನೋ ಮಾತು

ಇಲ್ಲಿ ಯಾರಾದರೂ ಕೇಳಬಹುದು: "ಪಾಸ್ಟರ್, ಹಾಗಾದ್ರೆ ಮನೆ ವಿಷಯ ಮನೆಯಲ್ಲೇ ಇರಲಿ, ಹೊರಗಿನವರು ಬೇಡ ಅಂತೀರಾ?" ಒಳ್ಳೇ ಪ್ರಶ್ನೆ. ಕೆಲವು ಮನೆಗಳಲ್ಲಿ ಅಪಾಯ ಇರೋದು ಒಳಗೇ. ಕುಡಿದು ಬಂದು ಹೊಡೆಯೋ ಗಂಡ ಇದ್ದಾಗ, ಮಗುವಿನ ಮೇಲೆ ಕೈ ಹಾಕೋ ಸಂಬಂಧಿಕ ಇದ್ದಾಗ, ಸರ್ಕಾರದ ಕಾನೂನೇ ದೇವರು ತೆರೆದಿಟ್ಟ ಬಾಗಿಲು. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಇದೆ. ಮಹಿಳೆಯರಿಗೆ 181, ಮಕ್ಕಳಿಗೆ 1098 ಇದೆ. ಫೋನಿನಲ್ಲಿ ಸೇವ್ ಮಾಡ್ಕೊಳ್ಳಿ. "ಮನೆ ಮಾನ ಹೋಗುತ್ತೆ, ಸಾಕ್ಷಿ ಕೆಡುತ್ತೆ" ಅಂತ ಹೇಳಿ ಪೆಟ್ಟು ತಿಂದವಳ ಬಾಯಿ ಮುಚ್ಚಿಸೋದು ಪ್ರೀತಿ ಅಲ್ಲ, ಹೊಡೆದವನಿಗೆ ಕಾವಲು ಕೂತ ಹಾಗೆ.

ಸಭೆಯೂ ಈ ಪರೀಕ್ಷೆಯಿಂದ ಹೊರಗಿಲ್ಲ. ಮಾರ್ಕ 7ರಲ್ಲಿ "ಇದು ದೇವರಿಗೆ ಮೀಸಲು" ಅಂತ ಹೇಳಿ ತಂದೆತಾಯಿಗೆ ಕೊಡಬೇಕಾದ್ದನ್ನ ತಪ್ಪಿಸೋ ಮಕ್ಕಳನ್ನೂ, ಅದಕ್ಕೆ ದಾರಿ ಮಾಡಿಕೊಟ್ಟ ಧರ್ಮಗುರುಗಳನ್ನೂ ಯೇಸು ಬಿಡಲಿಲ್ಲ. ಸರ್ಕಾರದ ನಿಯಮ ಮನೆ ಒಡೆಯಬಹುದು, ಟಿವಿ ಒಡೆಯಬಹುದು, ಕೊರ್ಬಾನ್ ಅನ್ನೋ ಭಕ್ತಿಯ ನಿಯಮವೂ ಒಡೆಯಬಹುದು. ಭಾನುವಾರ ಪೂರ್ತಿ ಸೇವೆ, ಆದರೆ ಊರಿಗೆ ಫೋನ್ ಮಾಡಿ ಮೂರು ವಾರ ಆಯಿತು ಅನ್ನೋ ಹಾಗಾಗಬಾರದು.

ಈ ವಾರ ಎರಡೇ ಕೆಲಸ ಮಾಡಿ. ಒಂದು, ಮನೆಯಲ್ಲಿ ಯಾರ ಖಾತೆಗೆ ಏನು ಬರುತ್ತೆ ಅಂತ ಎಲ್ಲರೂ ಕೂತು ಬಚ್ಚಿಡದೆ ಮಾತಾಡಿ, ಕಡಿಮೆ ಮಾತಾಡೋರನ್ನ ಮೊದಲು ಕೇಳಿ. ಎರಡು, ಊರಿನ ಸುದ್ದಿ ಏನಾದರೂ ಫಾರ್ವರ್ಡ್ ಮಾಡೋ ಮೊದಲು ಊರಿನಲ್ಲಿರೋ ನಿಮ್ಮವರಿಗೆ ಫೋನ್ ಮಾಡಿ. "ಸುದ್ದಿ ನೋಡಿದೆ" ಅಂತ ಶುರು ಮಾಡಬೇಡಿ. "ನೀವು ಹೇಗಿದ್ದೀರಿ?" ಅಂತ ಕೇಳಿ, ಆಮೇಲೆ ಸುಮ್ಮನೆ ಕೇಳಿಸಿಕೊಳ್ಳಿ.

ಪ್ರಾರ್ಥಿಸೋಣ. ಕರ್ತನೇ, ಯಾವ ಪಟ್ಟಿಯಲ್ಲೂ ಇಲ್ಲದ ನೋವು ನಿನಗೆ ಗೊತ್ತು. ಆಳುವವರಿಗೆ ನ್ಯಾಯಬುದ್ಧಿ ಕೊಡು. ಕೇಣಿಯ ಮನೆಗಳನ್ನ, ಶಿರೂರು ಉಳುವರೆಯಲ್ಲಿ ತಮ್ಮವರನ್ನ ಕಳ್ಕೊಂಡವರನ್ನ ನೆನಪು ಮಾಡಿಕೋ. ನಮ್ಮ ಕೈಗೆ ಬಂದ ಕಾಳು ಮನೆ ತನಕ ತಲುಪುವ ಹಾಗೆ ಮಾಡು. ಯೇಸುವಿನ ಹೆಸರಿನಲ್ಲಿ, ಆಮೆನ್.